ದಾನಿಯ ವಯಸ್ಸು: ಅಂಗ ಕಸಿಯ ಚರಿತ್ರೆಯಲ್ಲಿ ಒಂದು ವಿಚಾರ

೧

ಒಬ್ಬರ ದೇಹದ ಅಂಗವನ್ನು ಮತ್ತೊಬ್ಬರ ದೇಹದಲ್ಲಿ ನೆಲೆಗೊಳಿಸುವ ವಿದ್ಯೆಗೆ ಈಗ ನೂರ ಇಪ್ಪತ್ತು ವರ್ಷಗಳ ಚರಿತ್ರೆ ಇದೆ. ಈ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಹಸವನ್ನೂ, ದೇಹವು ಪರಕೀಯ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಔಷಧಗಳ ಶೋಧವನ್ನೂ ಪ್ರಧಾನವಾಗಿ ವರ್ಣಿಸುತ್ತಾರೆ. ಅಂಗವನ್ನು ಕೊಟ್ಟವರ ವಯಸ್ಸೆಷ್ಟು, ಆ ವಯಸ್ಸು ಪಡೆದವರ ಮುಂದಿನ ಬಾಳಿನ ಮೇಲೆ ಯಾವ ಪರಿಣಾಮವನ್ನುಂಟುಮಾಡಿತು ಎಂಬ ಪ್ರಶ್ನೆಗೆ ಅಲ್ಲಿ ದೊರೆಯುವ ಸ್ಥಳ ಅಲ್ಪ. ಪ್ರಕೃತ ಪ್ರಬಂಧದಲ್ಲಿ ನಾವು ಈ ಒಂದು ಪ್ರಶ್ನೆಯನ್ನೇ ಎತ್ತಿಕೊಂಡು, ಅದು ಹೇಗೆ ಹುಟ್ಟಿತು, ಹೇಗೆ ರೂಪಾಂತರ ಹೊಂದಿತು, ನಮ್ಮ ನಾಡಿಗೆ ಅದರಿಂದ ಯಾವ ತಿಳಿವು ದೊರೆಯುತ್ತದೆ ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವೆವು.

ಈ ವಿಚಾರವು ಕೇವಲ ವೈದ್ಯರಿಗೆ ಸಂಬಂಧಿಸಿದುದೆಂದು ತಿಳಿಯಲಾಗದು. "ಅಜ್ಜನಿಗೆ ಎಂಬತ್ತಾಗಿತ್ತು, ಆ ಕಣ್ಣು ಇನ್ನಾರಿಗೆ ಬಂದೀತು" ಎಂಬಂಥ ಮಾತು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಮಗನ ಎರಡು ಮೂತ್ರಪಿಂಡಗಳೂ ಕೆಟ್ಟಾಗ ಅರುವತ್ತು ವರ್ಷದ ತಾಯಿ ತನ್ನದೊಂದನ್ನು ಕೊಡಲು ಮುಂದಾದರೆ, ಅದು ಎಷ್ಟು ಕಾಲ ನಡೆದೀತು ಎಂಬ ಸಂಶಯ ಮನೆಮಂದಿಯನ್ನು ಬಾಧಿಸುತ್ತದೆ. ಬೀದರ ನಗರದ ಮೈಲೂರಿನಲ್ಲಾಗಲಿ, ಭಾಲ್ಕಿ ಔರಾದಗಳಲ್ಲಾಗಲಿ ಒಂದು ಕುಟುಂಬ ಈ ಸಂಶಯವನ್ನು ಎದುರಿಸುವಾಗ ಅದರ ಮುಂದಿರುವುದು ಒಂದು ಜೀವದ ಪ್ರಶ್ನೆ. ಆ ಸಂಶಯಕ್ಕೆ ಚರಿತ್ರೆ ಕೊಡುವ ಉತ್ತರ ಏನೆಂಬುದೇ ಇಲ್ಲಿಯ ವಿಷಯ.

೨

ಮೊದಲ ಕಸಿಗಳಲ್ಲಿ ದಾನಿಯ ವಯಸ್ಸನ್ನು ಯಾರೂ ಆರಿಸಲಿಲ್ಲ. ಸಂದರ್ಭವೇ ಅದನ್ನು ನಿರ್ಣಯಿಸಿತು. ೧೯೦೫ನೆಯ ಡಿಸೆಂಬರ್ ೭ರಂದು, ಅಂದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಚೆಕ್ ಗಣರಾಜ್ಯದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ನೇತ್ರವೈದ್ಯನು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು, ಎಂದರೆ ಕಾರ್ನಿಯಾವನ್ನು, ಮನುಷ್ಯನಿಂದ ಮನುಷ್ಯನಿಗೆ ಯಶಸ್ವಿಯಾಗಿ ಕಸಿ ಮಾಡಿದನು. ಪಡೆದವನು ಸುಣ್ಣದಿಂದ ಎರಡು ಕಣ್ಣುಗಳನ್ನೂ ಸುಟ್ಟುಕೊಂಡಿದ್ದ ನಲವತ್ತೈದು ವರ್ಷದ ಕೂಲಿಕಾರ. ಕೊಟ್ಟವನು ಹನ್ನೊಂದು ವರ್ಷದ ಹುಡುಗ. ಗಾಯಗೊಂಡು ಉಳಿಸಲಾಗದೆ ಹೋದ ಅವನ ಕಣ್ಣನ್ನು ವೈದ್ಯರು ತೆಗೆಯಬೇಕಾಗಿ ಬಂದಿತ್ತು. ೧೯೩೦ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್ ಮೃತರ ಕಣ್ಣುಗಳಿಂದಲೂ ಕಾರ್ನಿಯಾವನ್ನು ಪಡೆಯಬಹುದೆಂದು ತೋರಿಸಿದ ಮೇಲೆ ದಾನಿಗಳ ಸಂಖ್ಯೆಗೆ ಮಿತಿಯಿಲ್ಲದಾಯಿತು. ಮರಣ ಹೊಂದುವವರಲ್ಲಿ ವೃದ್ಧರೇ ಅಧಿಕವಾದುದರಿಂದ ದಾನಿಯ ವಯಸ್ಸಿನ ಪ್ರಶ್ನೆಯೂ ಅಲ್ಲಿಯೇ ಬೀಜರೂಪದಲ್ಲಿ ಹುಟ್ಟಿತು.

ಮೂತ್ರಪಿಂಡದ ಕತೆ ಇದಕ್ಕೆ ವ್ಯತಿರಿಕ್ತವಾಗಿ ಆರಂಭವಾಯಿತು. ೧೯೩೩ನೆಯ ಏಪ್ರಿಲ್‌ನಲ್ಲಿ ಯುಕ್ರೇನಿನ ಖೆರ್ಸನ್ ನಗರದಲ್ಲಿ ಯೂರಿ ವೊರೊನೊಯ್ ಎಂಬ ಶಸ್ತ್ರವೈದ್ಯನು ಮೃತನೊಬ್ಬನ ಮೂತ್ರಪಿಂಡವನ್ನು ಮೊಟ್ಟಮೊದಲಿಗೆ ರೋಗಿಯೊಬ್ಬಳಿಗೆ ಜೋಡಿಸಿದನು. ದಾನಿಗೆ ಅರುವತ್ತು ವರ್ಷ. ಪಾದರಸದ ವಿಷವನ್ನು ಸೇವಿಸಿದ್ದ ರೋಗಿಗೆ ಇಪ್ಪತ್ತಾರು. ಆಕೆ ಎರಡು ದಿನಗಳಲ್ಲಿ ತೀರಿಕೊಂಡಳು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅರುವತ್ತರ ಮೂತ್ರಪಿಂಡವಾದುದರಿಂದ ಕಸಿ ವಿಫಲವಾಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಆದರೆ ದಾನಿಯ ಮತ್ತು ರೋಗಿಯ ರಕ್ತದ ಗುಂಪುಗಳು ಹೊಂದುತ್ತಿರಲಿಲ್ಲ. ಮೇಲಾಗಿ ಮರಣವಾದ ಆರು ಗಂಟೆಗಳ ಅನಂತರ ಅಂಗವನ್ನು ತೆಗೆಯಲಾಗಿತ್ತು. ಎಂದರೆ ದಾನಿಯ ವಯಸ್ಸಿಗಿಂತ ಮೊದಲು ಪರಿಹರಿಸಬೇಕಾದ ಎರಡು ತೊಡಕುಗಳಿದ್ದವು: ಒಂದು, ಹೊಂದಾಣಿಕೆ, ಇನ್ನೊಂದು, ಕಾಲ. ಈ ಎರಡನೆಯ ತೊಡಕಿನ ಕಡೆಗೆ ನಾವು ಮುಂದೆ ಮರಳಿ ಬರುವೆವು.

೧೯೫೨ನೆಯ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ತಾಯಿಯೊಬ್ಬಳು ತನ್ನ ಹದಿನಾರು ವರ್ಷದ ಮಗನಿಗೆ ಮೂತ್ರಪಿಂಡವನ್ನು ಕೊಟ್ಟಳು. ಅದು ಕೂಡಲೆ ಕೆಲಸ ಮಾಡತೊಡಗಿತು. ಆದರೆ ಮೂರು ವಾರಗಳಲ್ಲಿ ದೇಹವು ಅದನ್ನು ತಿರಸ್ಕರಿಸಿತು. ಎರಡು ವರ್ಷಗಳ ಅನಂತರ, ೧೯೫೪ನೆಯ ಡಿಸೆಂಬರ್ ೨೩ರಂದು, ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ನಡೆಸಿದ ಕಸಿ ಗೆದ್ದಿತು. ಅಲ್ಲಿ ಕೊಟ್ಟವನೂ ಪಡೆದವನೂ ಇಪ್ಪತ್ತಮೂರು ವರ್ಷದ ಏಕರೂಪಿ ಅವಳಿ ಸಹೋದರರು. ಮೊದಲ ಗೆಲುವಿನಲ್ಲಿ ದಾನಿಯ ವಯಸ್ಸಿನ ಪ್ರಶ್ನೆಯೇ ಇಲ್ಲದಂತಾದುದಕ್ಕೆ ಕಾರಣ ಸ್ಪಷ್ಟ: ಇಬ್ಬರೂ ಒಂದೇ ಗರ್ಭದಿಂದ ಒಂದೇ ದಿನ ಹುಟ್ಟಿದವರು. ಪಡೆದವನು ಎಂಟು ವರ್ಷ ಬಾಳಿದನು. ಕೊಟ್ಟವನು ಒಂದೇ ಮೂತ್ರಪಿಂಡದಿಂದ ಎಪ್ಪತ್ತೊಂಬತ್ತು ವರ್ಷದವರೆಗೆ, ೨೦೧೦ರ ತನಕ, ಜೀವಿಸಿದನು.

೩

ತಿರಸ್ಕಾರವನ್ನು ತಡೆಯುವ ಔಷಧಗಳು, ವಿಶೇಷವಾಗಿ ೧೯೮೦ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೊಸ್ಪೊರಿನ್, ಕಸಿಯನ್ನು ಸಾಮಾನ್ಯ ಚಿಕಿತ್ಸೆಯನ್ನಾಗಿ ಮಾಡಿದವು. ಆಗ ಅಂಗಗಳ ಅಭಾವ ತಲೆದೋರಿತು. ಅದುವರೆಗೆ ಯುವಕರ ಅಂಗಗಳನ್ನೇ ಆರಿಸಿಕೊಳ್ಳುತ್ತಿದ್ದ ಆಸ್ಪತ್ರೆಗಳು ಐವತ್ತು, ಅರುವತ್ತು, ಎಪ್ಪತ್ತು ದಾಟಿದ ದಾನಿಗಳ ಕಡೆಗೂ ನೋಡತೊಡಗಿದವು. ಇದರಿಂದ ದಾನಿಯ ವಯಸ್ಸು ಪರಿಣಾಮ ಬೀರುವುದೋ ಇಲ್ಲವೋ ಎಂಬುದನ್ನು ಅಳೆದು ನೋಡಲು ಸಾವಿರಾರು ನಿದರ್ಶನಗಳು ಒದಗಿದವು.

ಪರಿಣಾಮ ಬೀರುವುದೆಂಬುದು ನಿರ್ವಿವಾದ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಅತಿ ಸೂಕ್ಷ್ಮ ಘಟಕಗಳಿಗೆ ನೆಫ್ರಾನ್‌ಗಳೆಂದು ಹೆಸರು. ಇವು ಹುಟ್ಟಿದ ಮೇಲೆ ಹೊಸದಾಗಿ ಬೆಳೆಯುವುದಿಲ್ಲ, ಕಳೆದುಹೋದುದು ಕಳೆದುಹೋದಂತೆಯೇ. ಅಮೆರಿಕದಲ್ಲಿ ಆರೋಗ್ಯವಂತರಾದ ಜೀವಂತ ದಾನಿಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೧೮ರಿಂದ ೨೯ ವರ್ಷದವರ ಒಂದೊಂದು ಮೂತ್ರಪಿಂಡದಲ್ಲಿ ಸುಸ್ಥಿತಿಯ ನೆಫ್ರಾನ್‌ಗಳು ಸರಾಸರಿ ಸುಮಾರು ೯,೯೦,೦೦೦ ಇದ್ದರೆ, ೭೦ರಿಂದ ೭೫ ವರ್ಷದವರಲ್ಲಿ ಸುಮಾರು ೫,೨೦,೦೦೦ ಮಾತ್ರ ಇದ್ದವು. ರೋಗವೇನೂ ಇಲ್ಲದವರಲ್ಲಿಯೂ ಅರ್ಧದಷ್ಟು ಬಂಡವಾಳ ವಯಸ್ಸಿನಿಂದಲೇ ಸವೆದಿರುತ್ತದೆಂದು ಇದರಿಂದ ತಿಳಿದುಬರುತ್ತದೆ. ಕಸಿ ಪಡೆದವರು ಸಾಮಾನ್ಯವಾಗಿ ಒಂದೇ ಮೂತ್ರಪಿಂಡವನ್ನು ನೆಚ್ಚಿಕೊಂಡು ಬದುಕಬೇಕಾದುದರಿಂದ ಈ ಸವೆತ ಅವರಿಗೆ ತಟ್ಟದೆ ಇರದು.

೨೦೦೨ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ನಿಯಮವನ್ನು ರೂಪಿಸಿದರು. ಅರುವತ್ತು ದಾಟಿ ಮರಣ ಹೊಂದಿದ ದಾನಿಗಳನ್ನೂ, ಐವತ್ತರಿಂದ ಐವತ್ತೊಂಬತ್ತರವರೆಗಿನವರಲ್ಲಿ ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಮಾಂದ್ಯ, ಪಾರ್ಶ್ವವಾಯುವಿನಿಂದ ಮರಣ ಎಂಬ ಮೂರರಲ್ಲಿ ಎರಡು ಲಕ್ಷಣಗಳಿದ್ದವರನ್ನೂ "ವಿಸ್ತೃತ ಮಾನದಂಡದ ದಾನಿಗಳು" ಎಂದು ಬೇರೆಯಾಗಿ ಗುರುತಿಸಿದರು. ಆದರ್ಶ ದಾನಿಗಳ ಅಂಗಕ್ಕಿಂತ ಇಂಥವರ ಅಂಗ ವಿಫಲವಾಗುವ ಸಂಭವ ೧.೭ ಪಟ್ಟು ಎಂಬುದು ಈ ವರ್ಗೀಕರಣದ ಆಧಾರ. ಇಷ್ಟನ್ನೇ ನೋಡಿದರೆ ವೃದ್ಧರ ಅಂಗವನ್ನು ನಿರಾಕರಿಸುವುದೇ ಜಾಣತನವೆಂದು ತೋರಬಹುದು. ಆದರೆ ಹೋಲಿಕೆ ಯಾವುದರೊಡನೆ ಎಂಬುದನ್ನು ವಿಚಾರಿಸಬೇಕು. ರೋಗಿಯ ಮುಂದಿರುವುದು ಮುದಿ ಅಂಗ ಮತ್ತು ಎಳೆಯ ಅಂಗ ಎಂಬ ಎರಡು ಆಯ್ಕೆಗಳಲ್ಲ. ಅನೇಕ ವೇಳೆ ಮುದಿ ಅಂಗ ಮತ್ತು ಡಯಾಲಿಸಿಸ್ ಯಂತ್ರದ ಮೇಲಿನ ನಿರೀಕ್ಷೆ ಎಂಬ ಎರಡು. ೨೦೦೫ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ನಿರೀಕ್ಷೆಯ ಅವಧಿ ದೀರ್ಘವಾಗಿರುವ ಪ್ರದೇಶಗಳಲ್ಲಿ ವಿಸ್ತೃತ ಮಾನದಂಡದ ಮೂತ್ರಪಿಂಡವನ್ನು ಪಡೆದವರು, ಅದನ್ನು ಬಿಟ್ಟು ಉತ್ತಮವಾದುದಕ್ಕೆ ಕಾದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ತೋರಿಸಿತು. ನಲವತ್ತು ದಾಟಿದವರಿಗೆ ಈ ಲಾಭ ಸ್ಪಷ್ಟ. ಎಳೆಯ ವಯಸ್ಸಿನ ರೋಗಿಗಳಿಗೆ ಅಷ್ಟಿಲ್ಲ.

ವಯಸ್ಸಿನ ಲೆಕ್ಕ ಎಲ್ಲ ಅಂಗಗಳಿಗೂ ಸಮಾನವಲ್ಲವೆಂಬುದು ಈ ಅವಧಿಯ ಇನ್ನೊಂದು ಶೋಧ. ಯಕೃತ್ತು ತನ್ನನ್ನು ತಾನು ಪುನಃ ಬೆಳೆಸಿಕೊಳ್ಳಬಲ್ಲ ಅಂಗವಾದುದರಿಂದ ಎಂಬತ್ತು ದಾಟಿದ ದಾನಿಗಳ ಯಕೃತ್ತನ್ನೂ ಇಟಲಿ, ಸ್ಪೇನ್ ಮೊದಲಾದ ದೇಶಗಳಲ್ಲಿ ಕಸಿಗೆ ಬಳಸಿದ್ದಾರೆ. ಹೃದಯದ ಸ್ಥಿತಿ ಬೇರೆ. ಅದಕ್ಕೆ ರಕ್ತವನ್ನೊದಗಿಸುವ ನಾಳಗಳು ಐವತ್ತರ ಅನಂತರ ಗಡುಸಾಗುವುದು ಸಾಮಾನ್ಯವಾದುದರಿಂದ ಅಲ್ಲಿ ವೈದ್ಯರು ಬಹಳ ಎಚ್ಚರವಹಿಸುತ್ತಾರೆ. ಅತಿ ಎಳೆತನವೂ ಒಂದು ತೊಡಕೇ. ಶಿಶುವಿನ ಮೂತ್ರಪಿಂಡ ಚಿಕ್ಕದಾದುದರಿಂದ ವಯಸ್ಕರಿಗೆ ಎರಡನ್ನೂ ಒಟ್ಟಿಗೆ ಜೋಡಿಸಬೇಕಾಗುತ್ತದೆ. ವೃದ್ಧರ ಮೂತ್ರಪಿಂಡಗಳ ಬಲ ಕುಂದಿದ್ದಾಗಲೂ ಎರಡನ್ನೂ ಒಬ್ಬರಿಗೇ ಕೊಡುವ ಪದ್ಧತಿಯುಂಟು. ಬಾಲ್ಯ ವಾರ್ಧಕ್ಯಗಳೆರಡೂ ಒಂದೇ ಉಪಾಯಕ್ಕೆ ದಾರಿಮಾಡಿಕೊಟ್ಟುದು ವಿಚಿತ್ರವಾದರೂ ನಿಜ.

೪

ನಮ್ಮ ಪ್ರಶ್ನೆಯ ದೃಷ್ಟಿಯಿಂದ ಅತ್ಯಂತ ಮಹತ್ವದ ಘಟನೆ ನಡೆದುದು ೧೯೯೯ರಲ್ಲಿ. ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ, ಆಸ್ಟ್ರಿಯಾ ಮುಂತಾದ ದೇಶಗಳು ಕೂಡಿ ನಡೆಸುವ ಯೂರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆ ಆ ವರ್ಷ ವೃದ್ಧರಿಗಾಗಿ ಪ್ರತ್ಯೇಕ ಯೋಜನೆಯೊಂದನ್ನು ಜಾರಿಗೆ ತಂದಿತು. ಅರುವತ್ತೈದು ದಾಟಿದ ದಾನಿಯ ಮೂತ್ರಪಿಂಡವನ್ನು ಅರುವತ್ತೈದು ದಾಟಿದ ರೋಗಿಗೇ ಕೊಡತಕ್ಕದ್ದು. ಅದನ್ನು ದೂರಕ್ಕೆ ಒಯ್ಯದೆ ಸಮೀಪದ ಕೇಂದ್ರದಲ್ಲಿಯೇ ಕಸಿ ಮಾಡತಕ್ಕದ್ದು. ಇವೇ ಅದರ ಎರಡು ಸೂತ್ರಗಳು.

ಮೊದಲನೆಯ ಸೂತ್ರದ ನ್ಯಾಯ ಎಲ್ಲರಿಗೂ ಅರ್ಥವಾಗುವಂಥದು. ಹತ್ತು ಹದಿನೈದು ವರ್ಷ ನಡೆಯಬಹುದಾದ ಅಂಗವು ಎಪ್ಪತ್ತರ ರೋಗಿಗೆ ಪೂರ್ಣಾಯುಷ್ಯವನ್ನು ಕೊಟ್ಟಂತೆ; ಇಪ್ಪತ್ತರ ರೋಗಿಗಾದರೋ ಅದು ಮತ್ತೊಂದು ಕಸಿಯ ಮುನ್ಸೂಚನೆ. ಎರಡನೆಯ ಸೂತ್ರ ಅಷ್ಟು ಜನಜನಿತವಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಅದರ ತೂಕವೇ ಹೆಚ್ಚು. ದೇಹದಿಂದ ತೆಗೆದ ಅಂಗವನ್ನು ಹಿಮದಲ್ಲಿಟ್ಟು ಸಾಗಿಸುವಾಗ ಅದಕ್ಕೆ ರಕ್ತಸಂಚಾರವಿರುವುದಿಲ್ಲ. ಹೃದಯ ಈ ಸ್ಥಿತಿಯನ್ನು ನಾಲ್ಕಾರು ಗಂಟೆ ಸಹಿಸೀತು. ಯಕೃತ್ತು ಹತ್ತು ಹನ್ನೆರಡು ಗಂಟೆ. ಮೂತ್ರಪಿಂಡ ಒಂದು ದಿನ, ಕೆಲವು ವೇಳೆ ಅದಕ್ಕೂ ಅಧಿಕ. ಎಳೆಯ ಅಂಗ ಈ ಕಾಲದ ಪೆಟ್ಟನ್ನು ತಾಳಿಕೊಂಡು ಚೇತರಿಸಿಕೊಳ್ಳುತ್ತದೆ. ಮುದಿ ಅಂಗಕ್ಕೆ ಆ ಮೀಸಲು ಶಕ್ತಿ ಕಡಿಮೆ. ಕಸಿಯಾದ ಮೇಲೆ ಅದು ಕೆಲಸಕ್ಕೆ ತೊಡಗಲು ದಿನಗಟ್ಟಲೆ ತಡಮಾಡುವುದುಂಟು, ಕೆಲವೊಮ್ಮೆ ತೊಡಗದೆಯೂ ಹೋಗಬಹುದು. ೧೯೩೩ರಲ್ಲಿ ಖೆರ್ಸನ್ ನಗರದಲ್ಲಿ ಕಂಡ ಕಾಲದ ತೊಡಕು ಅರುವತ್ತಾರು ವರ್ಷಗಳ ಅನಂತರ ಹೀಗೆ ಒಂದು ನಿಯಮವಾಗಿ ರೂಪುಗೊಂಡಿತು. ವಯಸ್ಸಿನ ಹಾನಿಯನ್ನು ನಾವು ಅಳಿಸಲಾರೆವು. ಆದರೆ ದೂರವನ್ನು ತಗ್ಗಿಸಿ ಆ ಹಾನಿಗೆ ಮತ್ತೊಂದು ಹಾನಿ ಸೇರದಂತೆ ಮಾಡಬಲ್ಲೆವು.

೫

ಭಾರತದಲ್ಲಿ ಮೊದಲ ನೇತ್ರನಿಧಿ ೧೯೪೫ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾಯಿತು. ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಜೀವಂತ ಬಂಧುವಿನಿಂದ ಪಡೆದ ಮೂತ್ರಪಿಂಡದ ಕಸಿ ಸಫಲವಾಯಿತು. ಅಂದಿನಿಂದ ನಮ್ಮ ದೇಶದಲ್ಲಿ ಮೂತ್ರಪಿಂಡ ಕಸಿಯ ಬಹುಭಾಗ ಜೀವಂತ ದಾನಿಗಳನ್ನೇ ಆಶ್ರಯಿಸಿದೆ. ಈ ದಾನಿಗಳಲ್ಲಿ ತಾಯಂದಿರೂ ಪತ್ನಿಯರೂ ಅಧಿಕ. ಪಡೆಯುವವರಲ್ಲಿ ಪುರುಷರು ಅಧಿಕ.

೧೯೯೪ರಲ್ಲಿ ಸಂಸತ್ತು ಅಂಗೀಕರಿಸಿದ ಮಾನವ ಅಂಗಗಳ ಕಸಿ ಅಧಿನಿಯಮವು ಅಂಗಗಳ ಕ್ರಯವಿಕ್ರಯವನ್ನು ಅಪರಾಧವೆಂದು ಸಾರಿ, ಮಿದುಳುಕಾಂಡದ ಮರಣವನ್ನು ಮರಣವೆಂದು ಮಾನ್ಯಮಾಡಿತು. ವಯಸ್ಸಿನ ಬಗೆಗೆ ಅದು ವಿಧಿಸಿದ ನಿರ್ಬಂಧ ಕೆಳಗಿನ ಮಿತಿಯೊಂದೇ: ಜೀವಂತ ದಾನಿ ಹದಿನೆಂಟು ತುಂಬಿದವರಾಗಿರಬೇಕು. ಮೇಲಿನ ಮಿತಿಯನ್ನು ಹಾಕದೆ ವೈದ್ಯರ ವಿವೇಚನೆಗೆ ಬಿಟ್ಟುದು ದೂರದೃಷ್ಟಿಯ ಕಾರ್ಯವೆಂದೇ ಹೇಳಬೇಕು. ೨೦೧೧ರ ತಿದ್ದುಪಡಿಯು "ಹತ್ತಿರದ ಬಂಧು" ಎಂಬ ಪದದ ವ್ಯಾಪ್ತಿಗೆ ಅಜ್ಜ, ಅಜ್ಜಿ, ಮೊಮ್ಮಗ, ಮೊಮ್ಮಗಳನ್ನೂ ಸೇರಿಸಿತು. ಮೂರು ತಲೆಮಾರುಗಳು ಒಂದೇ ಸೂರಿನಡಿ ಬಾಳುವ ಸಂಸಾರಗಳ ನಾಡಿನಲ್ಲಿ ಇದು ಸಹಜವಾದ ವಿಸ್ತರಣೆ. ಆದರೆ ಇದರೊಡನೆ ದಾನಿಯ ವಯಸ್ಸಿನ ಪ್ರಶ್ನೆ ಕಾನೂನಿನ ಬಾಗಿಲಿನಿಂದಲೇ ಮನೆಯೊಳಗೆ ಬಂದಂತಾಯಿತು.

ಆ ಮನೆಯಲ್ಲಿ ಅಜ್ಜಿ, ತಾಯಿ, ಇಪ್ಪತ್ತರ ತಂಗಿ ಮೂವರೂ ಕೊಡಲು ಸಿದ್ಧರಿದ್ದಾರೆಂದು ಭಾವಿಸೋಣ. ಪಡೆಯುವವನ ಹಿತವೊಂದನ್ನೇ ನೋಡಿದರೆ ತಂಗಿಯ ಮೂತ್ರಪಿಂಡವೇ ಶ್ರೇಷ್ಠ. ಆದರೆ ಕೊಡುವವರ ಹಿತವನ್ನೂ ತೂಗಬೇಕಲ್ಲವೆ? ಅಮೆರಿಕದಲ್ಲಿ ೨೦೧೪ರಲ್ಲಿ ಪ್ರಕಟವಾದ ಅಂದಾಜಿನಂತೆ, ತಮ್ಮ ಜೀವಮಾನದಲ್ಲಿ ಸ್ವತಃ ಮೂತ್ರಪಿಂಡ ವೈಫಲ್ಯಕ್ಕೆ ಗುರಿಯಾಗುವ ಸಂಭವವು ದಾನಿಗಳಲ್ಲಿ ಹತ್ತು ಸಾವಿರಕ್ಕೆ ೯೦, ಅಷ್ಟೇ ಆರೋಗ್ಯವಂತರಾಗಿದ್ದು ದಾನ ಮಾಡದವರಲ್ಲಿ ೧೪. ಈ ಅಪಾಯ ಅಲ್ಪವಾದರೂ ಅದನ್ನು ಹೊತ್ತು ನಡೆಯಬೇಕಾದ ವರ್ಷಗಳು ಇಪ್ಪತ್ತರವಳಿಗೆ ಅರುವತ್ತು. ಅರುವತ್ತರ ತಾಯಿಗೆ ಇಪ್ಪತ್ತು. ಮೇಲಾಗಿ ಜೀವಂತ ದಾನಿಯ ಅಂಗವು ಕೆಲವೇ ನಿಮಿಷಗಳಲ್ಲಿ ಪಕ್ಕದ ಕೋಣೆಗೆ ಸಾಗುವುದರಿಂದ ಕಾಲದ ಪೆಟ್ಟು ಅದಕ್ಕೆ ತಗಲುವುದಿಲ್ಲ. ಈ ಕಾರಣದಿಂದಲೇ ಆರೋಗ್ಯವಂತಳಾದ ಅರುವತ್ತರ ತಾಯಿಯ ಮೂತ್ರಪಿಂಡವು ದೂರದಿಂದ ಹಿಮದಲ್ಲಿ ಬಂದ, ಆಕೆಗಿಂತ ಕಿರಿಯನಾದ ಮೃತ ದಾನಿಯ ಮೂತ್ರಪಿಂಡಕ್ಕೆ ಅನೇಕ ವೇಳೆ ಸರಿದೊರೆಯಾಗುತ್ತದೆ. ತಾಯಿಯ ವಯಸ್ಸನ್ನು ಕುರಿತ ಮನೆಮಂದಿಯ ಸಂಶಯಕ್ಕೆ ಇದು ಸಮಾಧಾನ. ಆದಾಗ್ಯೂ ಯಾವ ತಾಯಿಯ ಒಪ್ಪಿಗೆಯೂ ಮನೆಯ ಒತ್ತಾಯದಿಂದ ಹುಟ್ಟಿದುದಾಗಿರಬಾರದೆಂಬ ಎಚ್ಚರ ಅಗತ್ಯ.

೬

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ಮೊದಲು ವಲಯ ಸಮನ್ವಯ ಸಮಿತಿಯೂ ಅನಂತರ ಜೀವಸಾರ್ಥಕತೆ ಸಂಸ್ಥೆಯೂ ನಿರ್ವಹಿಸಿವೆ. ೨೦೨೩ರಲ್ಲಿ ರಾಜ್ಯದಲ್ಲಿ ೧೭೮ ಮಂದಿ ಮೃತರ ಅಂಗದಾನ ನಡೆಯಿತು. ಇಂಥ ದಾನಿಗಳಲ್ಲಿ ಗಣನೀಯ ಭಾಗ ರಸ್ತೆಯ ಅಪಘಾತಕ್ಕೆ ತುತ್ತಾದವರು. ೨೦೨೧ನೆಯ ಜೂನ್‌ನಲ್ಲಿ ಅಪಘಾತದಿಂದ ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನಮಾಡಿದುದು ಸರ್ವವಿದಿತ. ಸ್ಪೇನಿನಲ್ಲಾದರೋ ಮೃತ ದಾನಿಗಳಲ್ಲಿ ಅರ್ಧಕ್ಕಿಂತ ಅಧಿಕ ಮಂದಿ ಅರುವತ್ತು ದಾಟಿದವರು. ನಮ್ಮಲ್ಲಿ ದಾನಿಗಳು ಎಳೆಯರಾಗಿರುವುದು ಹೆಮ್ಮೆಪಡತಕ್ಕ ಸಂಗತಿಯಲ್ಲ. ನಮ್ಮ ರಸ್ತೆಗಳ ದುಃಸ್ಥಿತಿಯ ಕುರುಹು ಅದು. ರಸ್ತೆಗಳು ಸುರಕ್ಷಿತವಾದಂತೆಲ್ಲ ದಾನಿಗಳ ವಯಸ್ಸು ಏರಲೇಬೇಕು. ಏರಲಿ ಎಂದೇ ನಾವು ಹಾರೈಸಬೇಕು.

ಕಣ್ಣಿನ ವಿಷಯದಲ್ಲಿ ಕನ್ನಡ ನಾಡು ಒಂದೇ ಕುಟುಂಬದ ಎರಡು ನಿದರ್ಶನಗಳನ್ನು ಕಂಡಿದೆ. ೨೦೦೬ನೆಯ ಏಪ್ರಿಲ್ ೧೨ರಂದು ಡಾ. ರಾಜಕುಮಾರ್ ನಿಧನರಾದಾಗ ಅವರಿಗೆ ಎಪ್ಪತ್ತಾರು ವರ್ಷ. ಅವರ ಕಣ್ಣುಗಳು ದಾನವಾದವು. ೨೦೨೧ನೆಯ ಅಕ್ಟೋಬರ್ ೨೯ರಂದು ಅವರ ಪುತ್ರ ಪುನೀತ್ ರಾಜಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ ಹಿಂದಿನ ಪದರ ಎಂದು ಸೀಳಿ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ತಂದೆಯ ವಯಸ್ಸಿಗೂ ಮಗನ ವಯಸ್ಸಿಗೂ ಮೂವತ್ತು ವರ್ಷಗಳ ಅಂತರ. ಈ ಅಂತರ ಕಾರ್ನಿಯಾಕ್ಕೆ ಎಷ್ಟು ಮುಖ್ಯ?

ಅಮೆರಿಕದಲ್ಲಿ ಸಾವಿರಕ್ಕೂ ಮೇಲ್ಪಟ್ಟ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಕಾರ್ನಿಯಾ ದಾನಿ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಐದು ವರ್ಷಗಳ ಅನಂತರ ನೋಡಿದಾಗ, ಅರುವತ್ತೈದರವರೆಗಿನ ದಾನಿಗಳ ಕಾರ್ನಿಯಾ ಮತ್ತು ಅರುವತ್ತಾರರಿಂದ ಎಪ್ಪತ್ತೈದರವರೆಗಿನವರ ಕಾರ್ನಿಯಾ ಎರಡರಲ್ಲಿಯೂ ನೂರಕ್ಕೆ ೮೬ ಸಫಲವಾಗಿದ್ದವು. ಹತ್ತು ವರ್ಷಗಳ ಅನಂತರ, ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂವತ್ತಮೂರರವರೆಗಿನ ದಾನಿಗಳಲ್ಲಿ ನೂರಕ್ಕೆ ೯೬, ಮೂವತ್ತನಾಲ್ಕರಿಂದ ಎಪ್ಪತ್ತೊಂದರವರೆಗೆ ನೂರಕ್ಕೆ ೭೫, ಎಪ್ಪತ್ತೆರಡರಿಂದ ಎಪ್ಪತ್ತೈದರವರೆಗೆ ನೂರಕ್ಕೆ ೬೨. ವಯಸ್ಸಿನ ಪರಿಣಾಮವಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಪರಿಣಾಮ ಎರಡು ತುದಿಗಳಲ್ಲಿ ಮಾತ್ರ ಎದ್ದು ಕಾಣುತ್ತದೆಂದು ಸಿದ್ಧವಾಗುತ್ತದೆ. ನಡುವಣ ಮೂವತ್ತೇಳು ವರ್ಷಗಳ ವಿಸ್ತಾರದಲ್ಲಿ ದಾನಿ ನಲವತ್ತರವರೋ ಎಪ್ಪತ್ತರವರೋ ಎಂಬುದು ಪಡೆದವರ ಕಣ್ಣಿಗೆ ಹೆಚ್ಚು ಭೇದವನ್ನುಂಟುಮಾಡಲಿಲ್ಲ. ಎಪ್ಪತ್ತೆರಡು ದಾಟಿದವರ ಕಣ್ಣುಗಳಲ್ಲಿಯೂ ಹತ್ತಕ್ಕೆ ಆರು ಹತ್ತು ವರ್ಷ ಬೆಳಕು ಕೊಟ್ಟವು. ಈ ಕಾರಣದಿಂದಲೇ ನೇತ್ರನಿಧಿಗಳು ಹುಟ್ಟಿದ ದಿನಾಂಕಕ್ಕಿಂತ ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಕೋಶಗಳ ದಟ್ಟಣೆಗೆ ಹೆಚ್ಚು ಬೆಲೆ ಕೊಡುತ್ತವೆ.

೭

ಇನ್ನು ಬೀದರದ ಕಡೆಗೆ ನೋಡೋಣ. ೧೯೫೬ನೆಯ ನವೆಂಬರ್ ೧ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದಿತು. ಭಾಷಾವಾರು ಪುನರ್ವಿಂಗಡಣೆಯಿಂದ ಬೀದರ, ಭಾಲ್ಕಿ, ಔರಾದಗಳು ಕನ್ನಡ ರಾಜ್ಯಕ್ಕೆ ಸೇರಿದುದು ನ್ಯಾಯವೇ ಆಯಿತು. ಆದರೆ ಭೂಗೋಳವು ರಾಜಕೀಯ ನಕ್ಷೆಯನ್ನು ಅನುಸರಿಸುವುದಿಲ್ಲ. ಬೀದರದಿಂದ ಹೈದರಾಬಾದಿಗೆ ಸುಮಾರು ೧೪೦ ಕಿಲೋಮೀಟರ್. ಬೆಂಗಳೂರಿಗೆ ಸುಮಾರು ೭೦೦. ದೊಡ್ಡ ಚಿಕಿತ್ಸೆಗೆ ಇಲ್ಲಿಯ ಜನ ಇಂದಿಗೂ ಹೈದರಾಬಾದಿನ ದಾರಿ ಹಿಡಿಯುವುದು ಸ್ವಾಭಾವಿಕ. ಮೃತ ದಾನಿಗಳ ಅಂಗಗಳ ಹಂಚಿಕೆಯಾದರೋ ಪ್ರಥಮತಃ ರಾಜ್ಯರಾಜ್ಯಗಳೊಳಗೆ ನಡೆಯುತ್ತದೆ: ಇಲ್ಲಿ ಜೀವಸಾರ್ಥಕತೆ, ತೆಲಂಗಾಣದಲ್ಲಿ ಜೀವನ್‌ದಾನ್.

ಎಳೆಯ ಅಂಗವೊಂದು ೭೦೦ ಕಿಲೋಮೀಟರ್ ಪ್ರಯಾಣವನ್ನು ಸಹಿಸೀತು. ಅರುವತ್ತೈದರ ದಾನಿಯ ಮೂತ್ರಪಿಂಡಕ್ಕೆ ಆ ದಾರಿ ಎರಡನೆಯ ವಾರ್ಧಕ್ಯವಿದ್ದಂತೆ. ಆದುದರಿಂದ ಗಡಿಯ ಜಿಲ್ಲೆಗಳಲ್ಲಿ ದಾನಿಯ ವಯಸ್ಸಿನ ಪ್ರಶ್ನೆಯನ್ನು ದಾರಿಯ ಪ್ರಶ್ನೆಯಿಂದ ಬೇರ್ಪಡಿಸಲಾಗದು. ೨೦೨೩ನೆಯ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು, ಅಂಗಕ್ಕಾಗಿ ಹೆಸರು ನೋಂದಾಯಿಸಲು ರೋಗಿ ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಬಂಧನೆಯನ್ನು ಕೈಬಿಡುವಂತೆ ರಾಜ್ಯಗಳಿಗೆ ತಿಳಿಸಿತು. ಮೃತ ದಾನಿಯ ಅಂಗಕ್ಕಾಗಿ ನೋಂದಾಯಿಸುವ ರೋಗಿಗೆ ಇದ್ದ ಅರುವತ್ತೈದು ವರ್ಷದ ಮಿತಿಯನ್ನೂ ತೆಗೆಯಿತು. ಈ ಎರಡು ನಿರ್ಣಯಗಳನ್ನು ಒಟ್ಟಿಗೆ ಓದಿದಾಗ, ಅರಿತೋ ಅರಿಯದೆಯೋ, ಯುರೋಪಿನ ೧೯೯೯ರ ಎರಡು ಸೂತ್ರಗಳಿಗೆ ಬೇಕಾದ ನೆಲ ಸಿದ್ಧವಾಗಿರುವಂತೆ ತೋರುತ್ತದೆ. ವೃದ್ಧ ರೋಗಿಗೆ ಸರದಿಯಲ್ಲಿ ನಿಲ್ಲುವ ಹಕ್ಕು ಬಂದಿದೆ. ರೋಗಿ ತನಗೆ ಸಮೀಪವಾದ ಕೇಂದ್ರವನ್ನು ಆರಿಸಿಕೊಳ್ಳುವ ಹಾದಿಯೂ ತೆರೆದಿದೆ. ವೃದ್ಧ ದಾನಿಯ ಅಂಗವನ್ನು ಗಡಿಯನ್ನು ಲೆಕ್ಕಿಸದೆ ಸಮೀಪದ ವೃದ್ಧ ರೋಗಿಗೆ ತಲುಪಿಸುವ ಒಪ್ಪಂದ ನೆರೆಯ ರಾಜ್ಯಗಳ ನಡುವೆ ಏರ್ಪಟ್ಟರೆ ಬೀದರದಂಥ ಜಿಲ್ಲೆಗಳಿಗೆ ಅದರಿಂದಾಗುವ ಉಪಕಾರ ದೊಡ್ಡದು.

ಅಂಥ ಒಪ್ಪಂದಕ್ಕಾಗಿ ಕಾಯಬೇಕಾಗಿಲ್ಲದ ದಾನವೂ ಒಂದುಂಟು. ಮರಣವಾದ ಆರು ಗಂಟೆಗಳೊಳಗೆ ತೆಗೆದ ಕಾರ್ನಿಯಾವನ್ನು ತಕ್ಕ ದ್ರಾವಣದಲ್ಲಿ ಎರಡು ವಾರಗಳವರೆಗೆ ಕಾದಿಡಬಹುದು. ಅದಕ್ಕೆ ಬೆಂಗಳೂರೂ ದೂರವಲ್ಲ, ಹೈದರಾಬಾದೂ ದೂರವಲ್ಲ. ಕನ್ನಡಕ ಧರಿಸಿದವರು, ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರು, ಸಕ್ಕರೆ ರೋಗವಿದ್ದವರು ಸಹ ಕೊಡಬಹುದು. ಎಂಬತ್ತರ ಅಜ್ಜನ ಕಣ್ಣು ಯಾರಿಗೆ ಬಂದೀತೆಂದು ಮನೆಯವರೇ ತೀರ್ಮಾನಿಸಿ ಸುಮ್ಮನಾಗುವುದಕ್ಕೆ ಬದಲಾಗಿ, ಆ ತೀರ್ಮಾನವನ್ನು ಸೂಕ್ಷ್ಮದರ್ಶಕಕ್ಕೆ ಬಿಡುವುದು ಲೇಸು.

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ದಾನಿಯ ವಯಸ್ಸು ಪಡೆದವರ ಬಾಳಿನ ಮೇಲೆ ಪರಿಣಾಮ ಬೀರುವುದು ನಿಜ. ಆದರೆ ಆ ಪರಿಣಾಮ ಅಂಗದಿಂದ ಅಂಗಕ್ಕೆ ಬೇರೆ, ಪಡೆಯುವವರ ವಯಸ್ಸಿಗೆ ತಕ್ಕಂತೆ ಬೇರೆ, ಅಂಗವು ಕ್ರಮಿಸಬೇಕಾದ ಕಾಲಕ್ಕೆ ತಕ್ಕಂತೆ ಬೇರೆ. ಶತಮಾನದ ಅನುಭವವು ವಯಸ್ಸನ್ನು ಬಾಗಿಲಿಗೆ ಹಾಕಿದ ಅಗುಳಿಯೆಂದು ತಿಳಿಯದೆ ತೂಕದ ಕಲ್ಲೆಂದು ತಿಳಿಯಲು ವೈದ್ಯಶಾಸ್ತ್ರಕ್ಕೆ ಕಲಿಸಿತು. ಆ ಕಲ್ಲನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟಾಗ ಇನ್ನೊಂದು ತಟ್ಟೆಯಲ್ಲಿ ಕಾಯುತ್ತಿರುವ ರೋಗಿಯ ದಿನಗಳನ್ನೂ, ಊರಿಗೂ ಆಸ್ಪತ್ರೆಗೂ ನಡುವಣ ದಾರಿಯನ್ನೂ ಇಟ್ಟು ತೂಗಬೇಕು.